ಅಕ್ಷಿಪಟಲದ ರಕ್ತನಾಳಗಳೂ ಅಡ್ರಿನಲಿನ್ ಗ್ರಾಹಕಗಳೂ: ಒಂದು ವಿಮರ್ಶೆ

ಅಡ್ರಿನಲಿನ್ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆಂಬ ವಾಕ್ಯವನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಚರ್ಮದ ಮಟ್ಟಿಗೆ ಅದು ಸತ್ಯ. ಕೈಕಾಲುಗಳ ಮಾಂಸಖಂಡಗಳ ಮಟ್ಟಿಗೆ ಅರ್ಧಸತ್ಯ. ಅಕ್ಷಿಪಟಲದ ಮಟ್ಟಿಗಾದರೋ ಅದನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಈ ವಿಷಯದಲ್ಲಿ ದೊರೆತಿರುವ ಪ್ರಮಾಣಗಳ ಬಲಾಬಲವನ್ನು ತೂಗಿನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಎರ್ಗಟ್ ಶಿಲೀಂಧ್ರದ ಸಾರವನ್ನು ಮೊದಲು ಕೊಟ್ಟರೆ, ರಕ್ತದೊತ್ತಡವನ್ನು ಏರಿಸಬೇಕಾದ ಅಡ್ರಿನಲಿನ್ ಅದನ್ನು ಇಳಿಸುತ್ತದೆಂದು ಹೆನ್ರಿ ಡೇಲ್ 1906ರಲ್ಲಿಯೇ ತೋರಿಸಿದ್ದರು. ಇದರ ಮರ್ಮ ಬಯಲಾದದ್ದು 1948ರಲ್ಲಿ. ಗ್ರಾಹಕಗಳು ಆಲ್ಫ ಮತ್ತು ಬೀಟ ಎಂದು ಎರಡು ಬಗೆಯೆಂದು ರೇಮಂಡ್ ಆಲ್‌ಕ್ವಿಸ್ಟ್ ಆಗ ಪ್ರತಿಪಾದಿಸಿದರು. 1967ರಲ್ಲಿ ಬೀಟ ಗ್ರಾಹಕವು ಎರಡಾಗಿ ವಿಂಗಡವಾಯಿತು. 1989ರಲ್ಲಿ ಬೀಟ-3ರ ಜೀನು ಪತ್ತೆಯಾಯಿತು. ಎಂದಮೇಲೆ, ಪರಿಣಾಮವನ್ನು ನಿರ್ಧರಿಸುವುದು ಹಾರ್ಮೋನೊಂದೇ ಅಲ್ಲ, ಅದನ್ನು ಬರಮಾಡಿಕೊಳ್ಳುವ ಗ್ರಾಹಕ.

ಅಕ್ಷಿಪಟಲದ ಸ್ಥಿತಿ ವಿಚಿತ್ರವಾದುದು. ಅದರ ಹಿಂದಿರುವ ಕೊರಾಯ್ಡ್ ಪದರಕ್ಕೆ ಅನುವೇದನಾ ನರಗಳು ಹೇರಳವಾಗಿ ಬರುತ್ತವೆ. ಅಕ್ಷಿಪಟಲದೊಳಗಿನ ನಾಳಗಳಿಗೆ ಅವು ಬರುವುದಿಲ್ಲ. ಆದರೂ ಆ ನಾಳಗಳಲ್ಲಿ ಗ್ರಾಹಕಗಳಿವೆ. ರಕ್ತದಲ್ಲಿ ಹರಿದುಬರುವ ಅಡ್ರಿನಲಿನ್ ಅವನ್ನು ಮುಟ್ಟಬೇಕಾದರೆ ನಾಳದ ಒಳಪೊರೆಯ ಬಿಗಿಯಾದ ತಡೆಯನ್ನು ದಾಟಬೇಕು. ಮುಟ್ಟಿದಲ್ಲಿ, ಬೀಟ ಗ್ರಾಹಕವು ಸ್ನಾಯುಕೋಶದೊಳಗೆ ಆವರ್ತ ಎಎಂಪಿಯನ್ನು ಹೆಚ್ಚಿಸುತ್ತದೆ. ಅದರಿಂದ ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ.

ಜಪಾನಿನ ಮೋರಿ ಮತ್ತು ಅವರ ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಗಮನಾರ್ಹವಾದುವು. ಬೀಟ-3ನ್ನು ಪ್ರಚೋದಿಸುವ ಔಷಧಗಳಿಂದ ಇಲಿಯ ಅಕ್ಷಿಪಟಲದ ಕಿರುಧಮನಿಗಳು ಹಿಗ್ಗಿದುವು. ಆ ಗ್ರಾಹಕದ ತಡೆಮದ್ದುಗಳಿಂದ ಹಿಗ್ಗುವಿಕೆ ತಗ್ಗಿತು. ಇಲಿಯ ಮಟ್ಟಿಗೆ ಈ ನಿರ್ಣಯವನ್ನು ನಾವು ಒಪ್ಪುತ್ತೇವೆ. ಆದರೆ ಅದನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸುವುದಕ್ಕೆ ನಮ್ಮ ಆಕ್ಷೇಪಗಳಿವೆ. ಮೊದಲನೆಯದಾಗಿ, ಈ ಜಾತಿಯ ಔಷಧಗಳಲ್ಲಿ ಕೆಲವು ದಂಶಕಗಳ ಗ್ರಾಹಕದ ಮೇಲೆ ಪ್ರಬಲವಾಗಿಯೂ ಮಾನವ ಗ್ರಾಹಕದ ಮೇಲೆ ದುರ್ಬಲವಾಗಿಯೂ ವರ್ತಿಸುತ್ತವೆ. ಇಲಿಯನ್ನು ಕರಗಿಸಿದ ಬೊಜ್ಜಿನ ಮದ್ದುಗಳು ಮನುಷ್ಯರಲ್ಲಿ ವಿಫಲವಾದುದಕ್ಕೆ ಇದೂ ಒಂದು ಕಾರಣ. ಎರಡನೆಯದಾಗಿ, ನಾಳದ ವ್ಯಾಸವೇ ರಕ್ತಪ್ರವಾಹವಲ್ಲ. ವ್ಯಾಸ ಹೆಚ್ಚಿದಾಗಲೇ ಒತ್ತಡವು ಕುಸಿದರೆ ಪ್ರವಾಹವು ಹೆಚ್ಚಬೇಕೆಂದಿಲ್ಲ.

ಇದು ಕೇವಲ ಪಾಂಡಿತ್ಯದ ಜಗಳವೆಂದು ಯಾರೂ ಭಾವಿಸಬಾರದು. ಗ್ಲಾಕೋಮ ರೋಗಿಗಳ ಕಣ್ಣಿಗೆ 1978ರಿಂದ ಹನಿಹನಿಯಾಗಿ ಬಿಡುತ್ತ ಬಂದಿರುವ ಟಿಮೊಲಾಲ್, ಬೀಟ-1 ಮತ್ತು ಬೀಟ-2 ಎರಡನ್ನೂ ತಡೆಯುವ ಮದ್ದು. ಅದು ಕಣ್ಣಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ನಿಜ. ಆದರೆ ಮಾನವ ಅಕ್ಷಿಪಟಲದ ನಾಳಗಳು ಹಿಗ್ಗುವುದು ಬೀಟ-2ರ ಮೂಲಕವಾದರೆ, ಅದೇ ಮದ್ದು ಆ ಹಿಗ್ಗುವಿಕೆಗೂ ಅಡ್ಡಿಯಾದೀತು. ಬೀಟ-3ರ ಮೂಲಕವಾದರೆ, ಹಳೆಯ ತಡೆಮದ್ದುಗಳಿಗೆ ಆ ಗ್ರಾಹಕವು ಸುಲಭವಾಗಿ ಮಣಿಯದಿರುವುದರಿಂದ, ಭಯಕ್ಕೆ ಅಷ್ಟು ಕಾರಣವಿಲ್ಲ. ರೋಗಿಯ ದೃಷ್ಟಿಯೇ ಪಣವಾಗಿರುವಲ್ಲಿ ಯಾವ ಗ್ರಾಹಕವೆಂಬ ಪ್ರಶ್ನೆಯನ್ನು ಇಲಿಯ ಸಾಕ್ಷ್ಯದಿಂದಲೇ ತೀರ್ಮಾನಿಸುವುದು ಉಚಿತವಲ್ಲ. ಮಾನವ ನಾಳಗಳನ್ನೇ ಬೇರ್ಪಡಿಸಿ ನಡೆಸಿದ ಪ್ರಯೋಗಗಳೊಡನೆ ಅದನ್ನು ಹೋಲಿಸಿ ನೋಡಬೇಕು.

ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೆ: ಅಡ್ರಿನಲಿನ್ ಏನು ಮಾಡುತ್ತದೆಂದು ಕೇಳುವ ವಿದ್ಯಾರ್ಥಿಗೆ ಒಂದೇ ವಾಕ್ಯದ ಉತ್ತರ ಕೊಡಬೇಡಿ. ಯಾವ ಗ್ರಾಹಕ, ಯಾವ ಅಂಗ, ಯಾವ ಪ್ರಾಣಿ ಎಂದು ಮರಳಿ ಕೇಳುವುದನ್ನು ಅವನಿಗೆ ಕಲಿಸಿ.