ಚಿಕ್ಕಮ್ಮನ ಸ್ವರ ಮತ್ತು ಒಂದು ನಕ್ಷತ್ರ ಚಿಹ್ನೆ

ನಮ್ಮ ಆಫೀಸಿನ ಜಿಮ್ ಗುಂಪಿನಲ್ಲಿ ಯಾರಾದರೂ ಸ್ಟೀರಾಯ್ಡ್ ವಿಷಯ ಎತ್ತಿದರೆ ಸಾಕು, ಇನ್ಯಾರೋ ಒಬ್ಬರು ‘ಮೊದಲು ಬಿಗ್ಗರ್, ಸ್ಟ್ರಾಂಗರ್, ಫಾಸ್ಟರ್ ನೋಡು, ಆಮೇಲೆ ಮಾತಾಡು’ ಅಂತಾರೆ. ಕ್ರಿಸ್ ಬೆಲ್ ಅನ್ನೋ ಅಮೆರಿಕನ್ 2008ರಲ್ಲಿ ಮಾಡಿದ ಡಾಕ್ಯುಮೆಂಟರಿ ಅದು. ಹೆಸರಿನ ಕೊನೆಗೆ ಒಂದು ನಕ್ಷತ್ರ ಚಿಹ್ನೆ ಬೇರೆ ಇದೆ, ‘ಷರತ್ತುಗಳು ಅನ್ವಯಿಸುತ್ತವೆ’ ಅನ್ನೋ ಥರ. ನಾನು ಮೂರು ಸಲ ನೋಡಿದೀನಿ. ಮೊದಲ ಸಲ ನೋಡಿದಾಗ ಪೂರ್ತಿ ಒಪ್ಪಿಬಿಟ್ಟಿದ್ದೆ. ಮೂರನೇ ಸಲ ನೋಡಿದ್ದು ಕಳೆದ ತಿಂಗಳು, ಚಿಕ್ಕಮ್ಮನ ಊರಿಂದ ವಾಪಸ್ ಬಂದ ರಾತ್ರಿ. ಆವತ್ತು ಒಪ್ಪೋಕಾಗಲಿಲ್ಲ.

ಚಿತ್ರ ಚೆನ್ನಾಗಿದೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ನ್ಯೂಯಾರ್ಕ್ ರಾಜ್ಯದ ಪುಕೀಪ್ಸಿ ಅನ್ನೋ ಊರಿನ ಮೂರು ಜನ ಅಣ್ಣತಮ್ಮಂದಿರು. ಹಲ್ಕ್ ಹೋಗನ್, ಸ್ಟಲೋನ್, ಶ್ವಾರ್ಜನೆಗರ್ ಅವರನ್ನ ನೋಡಿ ಬೆಳೆದ ದಪ್ಪ ಹುಡುಗರು. ಮೂವರೂ ಸ್ಟೀರಾಯ್ಡ್ ತಗೊಂಡವರೇ. ಕ್ರಿಸ್ ಮನಸ್ಸು ಕಚ್ಚಿ ಬಿಟ್ಟ, ಉಳಿದಿಬ್ಬರು ಬಿಡಲಿಲ್ಲ. ಅಮ್ಮನ ಜೊತೆ ಇದನ್ನ ಮಾತಾಡೋ ದೃಶ್ಯಗಳಲ್ಲಿ ಕ್ಯಾಮೆರಾ ಯಾರನ್ನೂ ಕಟಕಟೆಗೆ ಹತ್ತಿಸೋದಿಲ್ಲ, ಅದು ನನಗೆ ಇಷ್ಟ. ಪ್ರೋಟೀನ್ ಡಬ್ಬಿಗಳ ಮೇಲೆ ಬರೋ ‘ಮೊದಲು–ಆಮೇಲೆ’ ಫೋಟೋ ಎರಡನ್ನೂ ಒಂದೇ ದಿನ ತೆಗೆಸಿಕೊಂಡು ತೋರಿಸ್ತಾನಲ್ಲ, ಆ ಭಾಗವನ್ನಂತೂ ನಮ್ಮ ಜಿಮ್‌ನ ಟಿವಿಯಲ್ಲಿ ದಿನಾ ಹಾಕಬೇಕು.

ನನ್ನ ತಕರಾರು ಚಿತ್ರದ ವೈದ್ಯಕೀಯ ವಾದದ ಮೇಲೆ. ಎಚ್‌ಐವಿ ಇರುವ ಒಬ್ಬ ವ್ಯಕ್ತಿ ಬರ್ತಾನೆ. ಕರಗಿಹೋಗುತ್ತಿದ್ದ ಮೈಗೆ ಸ್ಟೀರಾಯ್ಡ್ ಮಾಂಸ ತುಂಬಿತು, ಬದುಕಿಸಿತು. ಇದರಲ್ಲಿ ಸುಳ್ಳಿಲ್ಲ. ಆದರೆ ಆ ದೃಶ್ಯ ಮುಗಿಯೋ ಹೊತ್ತಿಗೆ ನೋಡುಗನ ತಲೆಯಲ್ಲಿ ಒಂದು ವಾಕ್ಯ ಕೂತಿರುತ್ತೆ: ‘ಇದು ಔಷಧಿ, ಸುಮ್ಮನೆ ಹೆದರಿಸಿದ್ದಾರೆ.’ ವಾಕ್ಯದ ಮೊದಲರ್ಧ ನಿಜ. ಎರಡನೇ ಅರ್ಧ ಅದರ ಬೆನ್ನೇರಿ ಬಂದದ್ದು.

ಮೊದಲರ್ಧ ಎಷ್ಟು ನಿಜ ಅನ್ನೋದಕ್ಕೆ ನಮ್ಮ ಮನೆಯೇ ಸಾಕ್ಷಿ. ಚಿಕ್ಕಮ್ಮನಿಗೆ ನಲವತ್ತೇಳಕ್ಕೆ ಅಪ್ಲಾಸ್ಟಿಕ್ ಅನೀಮಿಯಾ ಅಂದರು. ಮೂಳೆಯ ಮಜ್ಜೆ ರಕ್ತ ಮಾಡೋದನ್ನೇ ನಿಲ್ಲಿಸಿಬಿಡೋ ಕಾಯಿಲೆ. ಮಜ್ಜೆ ಕಸಿ ಮಾಡೋಕೆ ಹೊಂದುವ ಒಡಹುಟ್ಟಿದವರಿರಲಿಲ್ಲ. ಎಟಿಜಿ ಅನ್ನೋ ಚಿಕಿತ್ಸೆಗೆ ಲಕ್ಷಗಟ್ಟಲೆ ಬೇಕಿತ್ತು, ಚಿಕ್ಕಪ್ಪನ ಕಿರಾಣಿ ಅಂಗಡಿಯಿಂದ ಅಷ್ಟು ಹುಟ್ಟೋದಿಲ್ಲ. ಕೊನೆಗೆ ಸಿಕ್ಕಿದ್ದು ಸ್ಟಾನೊಜೊಲಾಲ್ ಮಾತ್ರೆ. ಹೌದು, ಅದೇ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ ನೂರು ಮೀಟರನ್ನು 9.79 ಸೆಕೆಂಡಿಗೆ ಓಡಿ, ಮೂರು ದಿನದೊಳಗೆ ಚಿನ್ನ ವಾಪಸ್ ಕೊಟ್ಟನಲ್ಲ, ಅವನ ಮೂತ್ರದಲ್ಲಿ ಸಿಕ್ಕ ಮದ್ದು. ಈ ಜಾತಿಯ ಹಾರ್ಮೋನುಗಳು ರಕ್ತ ಹುಟ್ಟಿಸೋಕೂ ಕುಮ್ಮಕ್ಕು ಕೊಡ್ತವೆ. ಎಲ್ಲರಿಗೂ ಹಿಡಿಸೋದಿಲ್ಲ, ಹಿಡಿಸಿದರೂ ತಿಂಗಳುಗಟ್ಟಲೆ ಬೇಕು. ಚಿಕ್ಕಮ್ಮನಿಗೆ ಹಿಡಿಸಿತು. ನಾಲ್ಕೂವರೆ ಇದ್ದ ಹಿಮೋಗ್ಲೋಬಿನ್ ಎಂಟು ತಿಂಗಳಲ್ಲಿ ಒಂಬತ್ತು ದಾಟಿತು. ರಕ್ತ ಹಾಕಿಸೋಕೆ ಹಾಸನಕ್ಕೆ ಓಡೋದು ನಿಂತಿತು.

ಅಷ್ಟರಲ್ಲಿ ಗದ್ದದ ಮೇಲೆ ಕೂದಲು ಬಂತು, ಸ್ವರ ಒಡೆಯಿತು. ಚಿಕ್ಕಮ್ಮ ಭಜನಾ ಮಂಡಳಿಯಲ್ಲಿ ಬಿಳಿ ಐದರ ಶ್ರುತಿಗೆ ಸಲೀಸಾಗಿ ಹಾಡುತ್ತಿದ್ದವಳು. ಹದಿಮೂರರ ಹುಡುಗನ ಗಂಟಲಿಗೆ ಏನಾಗುತ್ತೋ ಅದೇ ಅವಳಿಗೆ ಐವತ್ತರ ಹತ್ತಿರ ಆಯಿತು. ಮಾತ್ರೆ ಕಡಿಮೆ ಮಾಡಿದ ಮೇಲೆ ಮೊಡವೆ ಹೋಯಿತು, ಕೂದಲೂ ಸ್ವಲ್ಪ ಹೋಯಿತು. ಗಂಟಲು ವಾಪಸ್ ಬರಲಿಲ್ಲ, ಸಾಮಾನ್ಯವಾಗಿ ಬರೋದೂ ಇಲ್ಲ. ಇದನ್ನ ಚೀಟಿ ಬರೆದವರು ಮೊದಲೇ ಹೇಳಿರಲಿಲ್ಲ. ಹೇಳಿದ್ದರೂ ಅವಳು ಮಾತ್ರೆ ನುಂಗುತ್ತಿದ್ದಳು ಅಂತ ಚಿಕ್ಕಪ್ಪ ಅಂತಾನೆ. ಇರಬಹುದು. ಆದರೆ ಕೇಳಿ ನುಂಗೋದೇ ಬೇರೆ.

ಬೆಲ್‌ನ ಚಿತ್ರದ ತುಂಬ ಗಂಡಸರ ದೇಹ. ಅಪಾಯಗಳನ್ನ ಉಬ್ಬಿಸಿ ಹೇಳಿದ್ದಾರೆ, ಬಿಟ್ಟರೆ ಬಹುಪಾಲು ಸರಿಹೋಗುತ್ತೆ ಅನ್ನೋ ನಿರಾಳ ಅದಕ್ಕೆ ಬಂದಿರೋದೇ ಅಲ್ಲಿಂದ. ಕ್ಯಾಮೆರಾವನ್ನ ಒಂದು ಹೆಂಗಸಿನ ಗಂಟಲ ಕಡೆ ತಿರುಗಿಸಿ ಸ್ವಲ್ಪ ಹೊತ್ತು ನಿಂತಿದ್ದರೆ ಆ ನಿರಾಳ ಉಳೀತಿರಲಿಲ್ಲ.

ಗಂಡಸರ ಲೆಕ್ಕವೂ ಅಷ್ಟು ಸರಳ ಅಲ್ಲ. 1935ರಲ್ಲಿ ಹೋರಿಯ ವೃಷಣದಿಂದ ಟೆಸ್ಟೋಸ್ಟಿರಾನ್ ಬೇರ್ಪಡಿಸಿದರು, ಅದೇ ವರ್ಷ ಪ್ರಯೋಗಾಲಯದಲ್ಲೂ ತಯಾರಿಸಿದರು. ಬ್ಯೂಟೆನಾಂಟ್ ಮತ್ತು ರುಜಿಕಾಗೆ 1939ರಲ್ಲಿ ನೊಬೆಲ್ ಬಂತು. ಅಲ್ಲಿಂದ ಇಲ್ಲಿವರೆಗೆ ಅದರ ಗಟ್ಟಿಯಾದ ಉಪಯೋಗ ಒಂದೇ: ಇಲ್ಲದವರಿಗೆ ಕೊಡೋದು. ಕ್ಲೈನ್‌ಫೆಲ್ಟರ್ ಇದ್ದು ಕೊರತೆಯಾದವರು, ಪಿಟ್ಯೂಟರಿ ಕೆಟ್ಟವರು, ಪ್ರಾಯಕ್ಕೆ ಬರದೇ ಉಳಿದ ಹುಡುಗರು. ಅಂಥವರನ್ನ ಮಾಮೂಲಿ ಮಟ್ಟಕ್ಕೆ ತರೋದು ಚಿಕಿತ್ಸೆ. ಮಾಮೂಲಿ ಇದ್ದವನು ಹಲವು ಪಟ್ಟು ಏರಿಸಿಕೊಳ್ಳೋದು ಬೇರೆಯೇ ವ್ಯವಹಾರ. ಶುಗರ್ ಇರೋ ಮಾವನಿಗೆ ಇನ್ಸುಲಿನ್ ಒಳ್ಳೇದಾಯ್ತು ಅಂತ ಅಳಿಯ ಚುಚ್ಚಿಕೊಂಡ ಹಾಗೆ.

ನಡುವೆ ಇನ್ನೊಂದು ಗುಂಪಿದೆ, ನಮ್ಮದು. ಮೂವತ್ತೈದು ವಯಸ್ಸು, ರಾತ್ರಿ ಎರಡರವರೆಗೆ ಕಾಲ್, ಬೆಳಿಗ್ಗೆ ಸುಸ್ತು, ‘ಲೋ ಟಿ’ ಜಾಹೀರಾತು. ಎಷ್ಟೋ ಜನ ಒಂದೇ ಒಂದು ಟೆಸ್ಟ್ ಮಾಡಿಸಿ, ಅದೂ ಸಂಜೆ ಹೊತ್ತಲ್ಲಿ, ಜೆಲ್ ಹಚ್ಚಿಕೊಳ್ಳೋಕೆ ಶುರು ಮಾಡ್ತಾರೆ. ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿರುತ್ತೆ, ದಿನ ಹೋದಂತೆ ಇಳಿಯುತ್ತೆ. ಬೆಳಿಗ್ಗೆ, ಬೇರೆ ಬೇರೆ ದಿನ, ಎರಡು ಸಲ ನೋಡದೆ ಕೊರತೆ ಅನ್ನಬಾರದು ಅನ್ನೋದು ನಿಯಮ. ಅರವತ್ತೈದು ದಾಟಿದ, ಮಟ್ಟ ನಿಜವಾಗಿಯೂ ಕಡಿಮೆ ಇದ್ದ 790 ಗಂಡಸರ ಮೇಲೆ ನಡೆದ ಅಮೆರಿಕದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಕಾಮಾಸಕ್ತಿ ಒಂದಿಷ್ಟು ಹೆಚ್ಚಿತು, ಆದರೆ ‘ಚೈತನ್ಯ’ ಅಂತ ಅಳೆದದ್ದರಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸುಸ್ತಿಗೆ ಜೆಲ್ ಹಚ್ಚೋರು ಗಮನಿಸಬೇಕು. ಮಗು ಬೇಕು ಅಂತಿರೋರಿಗೆ ಇನ್ನೊಂದು ಮಾತು: ಹೊರಗಿಂದ ಟೆಸ್ಟೋಸ್ಟಿರಾನ್ ಬಂದರೆ ಮೆದುಳು ‘ಸಾಕಷ್ಟಿದೆ’ ಅಂದುಕೊಂಡು ವೃಷಣಕ್ಕೆ ಕೆಲಸ ನಿಲ್ಲಿಸು ಅನ್ನುತ್ತೆ. ವೀರ್ಯಾಣು ಕುಸಿಯುತ್ತೆ. ಎಷ್ಟರಮಟ್ಟಿಗೆ ಅಂದರೆ, ವಿಶ್ವ ಆರೋಗ್ಯ ಸಂಸ್ಥೆ ಇದೇ ಇಂಜೆಕ್ಷನ್ನನ್ನ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. ಗಂಡಸುತನಕ್ಕೆ ಅಂತ ತಗೊಳ್ಳೋದು, ಆಗೋದು ಇದು.

ಚಿತ್ರ ಬಂದ ವರ್ಷದ ಕೊನೆಗೇ ಕ್ರಿಸ್‌ನ ಅಣ್ಣ ಮೈಕ್ ತೀರಿಕೊಂಡ. ಅದನ್ನ ಸ್ಟೀರಾಯ್ಡ್ ಖಾತೆಗೆ ಬರೆಯೋದು ಅನ್ಯಾಯ, ಅವನಿಗೆ ಬೇರೆ ಚಟಗಳೂ ಇದ್ದವು. ಆದರೂ ಮೂರನೇ ಸಲ ನೋಡುವಾಗ ಅವನು ತೆರೆಯ ಮೇಲೆ ಬಂದಾಗಲೆಲ್ಲ ನಾನು ವಾದ ಮರೆತು ಮುಖ ನೋಡ್ತಿದ್ದೆ.

ಚಿಕ್ಕಮ್ಮ ಈಗ ಕಪ್ಪು ಒಂದರ ಶ್ರುತಿಗೆ ಹಾಡ್ತಾಳೆ. ಅವಳಿಗೋಸ್ಕರ ಮಂಡಳಿಯಲ್ಲಿ ಶ್ರುತಿಪೆಟ್ಟಿಗೆ ಎರಡು ಇಟ್ಟಿದಾರೆ. ಊರಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದನ್ನ ಮೊನ್ನೆ ಜಿಮ್ ಗೆಳೆಯನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, ‘ಚೆನ್ನಾಗಿ ಹಾಡ್ತಾರೆ ಕಣೋ, ನಿಮ್ಮ ಚಿಕ್ಕಪ್ಪನಾ?’ ಅಂದ.