ಇಗರ್ಜಿಯ ಸುತ್ತ ಹತ್ತು ಮನೆ: ನಾ. ಡಿಸೋಜರ ಇನ್ನೊಂದು ಮುಖ

ನಾ. ಡಿಸೋಜ ಎಂದೊಡನೆ ಕನ್ನಡ ಓದುಗನಿಗೆ ನೆನಪಾಗುವುದು ಶರಾವತಿಯ ನೀರು. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ, ಅದರ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳು, ಮನೆಮಾರು ಕಳೆದುಕೊಂಡ ಜನ. ಅವರು ಆ ಯೋಜನೆಯ ಕಚೇರಿಗಳಲ್ಲಿಯೇ ನೌಕರಿ ಮಾಡಿದವರು, ಕಂಡದ್ದನ್ನೇ ಬರೆದರು. ನೀರು ಏರುತ್ತಿದ್ದರೂ ನೆಲ ಬಿಡದ ಸಂಸಾರದ ಕಥೆಯಾದ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದ ಮೇಲಂತೂ ‘ಮುಳುಗಡೆಯ ಲೇಖಕ’ ಎಂಬ ಹೆಸರು ಅವರಿಗೆ ಅಂಟಿಯೇಬಿಟ್ಟಿತು. ೨೦೧೪ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಈ ಹಿರಿಯರು ೨೦೨೫ರ ಜನವರಿಯಲ್ಲಿ ತೀರಿಕೊಂಡಾಗಲೂ ಹೆಚ್ಚಿನ ಮಾತೆಲ್ಲ ಮುಳುಗಡೆಯ ಸುತ್ತಲೇ ನಡೆಯಿತು.

ಆದರೆ ಡಿಸೋಜರಿಗೆ ಇನ್ನೊಂದು ಮುಖವಿದೆ. ಅವರು ಕೊಂಕಣಿ ಮನೆಮಾತಿನ, ಸಾಗರದ ಕ್ಯಾಥೊಲಿಕ್ ಮನೆತನದವರು. ತಮ್ಮ ಜನರ ಬಾಳನ್ನು ಅವರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿಯಲ್ಲಿ ತುಂಬಿಟ್ಟಿದ್ದಾರೆ. ‘ದ್ವೀಪ’ದಲ್ಲಿ ಮಲೆನಾಡಿನ ಹಿಂದೂ ಮನೆಯೊಂದರ ಒಳಗನ್ನು ಎಲ್ಲಿಯೂ ಪರಕೀಯವೆನಿಸದಂತೆ ಚಿತ್ರಿಸಿದ ಲೇಖಕರು, ತಮ್ಮ ಮನೆಯ ಬಾಗಿಲನ್ನೇ ತೆರೆದಾಗ ನಾವು ಎಷ್ಟು ಜನ ಒಳಗೆ ಹೋದೆವು? ಈ ಲೇಖನದ ಪ್ರಶ್ನೆ ಇಷ್ಟೇ.

ಮೊದಲು ಹೆಸರನ್ನೇ ನೋಡೋಣ. ‘ಇಗರ್ಜಿ’ ಪೋರ್ಚುಗೀಸರಿಂದ ಕೊಂಕಣಿಗೆ, ಅಲ್ಲಿಂದ ನಮ್ಮ ಕರಾವಳಿಗೆ ಇಳಿದ ಮಾತು. ಆದರೆ ಕಾದಂಬರಿ ಇಗರ್ಜಿಯ ಹೆಸರಿನಲ್ಲಿಲ್ಲ, ಅದರ ಸುತ್ತಲಿನ ಮನೆಗಳ ಹೆಸರಿನಲ್ಲಿದೆ. ‘ಹತ್ತು’ ಎಂಬುದೂ ಬರಿಯ ಎಣಿಕೆಯಲ್ಲ. ಹತ್ತು ಜನ ಸೇರಿದರೆ ಊರು, ಹತ್ತೂ ಸಮಸ್ತರು ಕೂಡಿದರೆ ನ್ಯಾಯ ಎನ್ನುವ ಕನ್ನಡ ಮನಸ್ಸು ಆ ಮಾತಿನಲ್ಲಿದೆ. ಪರದೇಶದಿಂದ ಬಂದ ಪದವೊಂದು ಹೀಗೆ ಹತ್ತು ಕನ್ನಡ ಮನೆಗಳ ನಡುವೆ ನೆಲೆಯೂರಿದೆ. ಕಾದಂಬರಿಯ ತಾತ್ಪರ್ಯವೂ ಅದೇ: ದೇವಾಲಯದ ಗೋಡೆ ಎದ್ದ ಮಾತ್ರಕ್ಕೆ ಧರ್ಮ ಊರೂರುವುದಿಲ್ಲ, ಸುತ್ತಲಿನ ಒಲೆಗಳಲ್ಲಿ, ಅಂಗಳಗಳಲ್ಲಿ, ನೆರೆಯವರೊಡನೆ ಕೊಟ್ಟು ತರುವ ವ್ಯವಹಾರದಲ್ಲಿ ಅದು ಊರೂರಬೇಕು.

ಇದು ಘಟ್ಟದ ಕೆಳಗಿನಿಂದ ಕೆಲಸ ಹುಡುಕಿ ಮೇಲೆ ಬಂದವರ ಕಥೆ. ಕಲ್ಲು ಕಟ್ಟುವ, ಮರ ಕೆತ್ತುವ ಕಸುಬಿನ ಜನ ಮಲೆನಾಡಿನ ಊರೊಂದರಲ್ಲಿ ನೆಲೆ ನಿಲ್ಲುತ್ತಾರೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ತಮ್ಮ ದೇವರು ಬೇರೆ, ಊರ ಜಾತ್ರೆ ಬೇರೆ. ಇಂಥವರ ಬಾಳು ಪುಣೆಗೆ ಬಂದು ನೆಲೆಸಿದ ನಮಗೆ ಅರ್ಥವಾಗದ್ದೇನಲ್ಲ. ನೆಲೆನಿಂತ ಮೇಲೆ ತಮ್ಮತನ ಎಷ್ಟು ಉಳಿಯಬೇಕು, ಊರಿನದು ಎಷ್ಟು ಬೆರೆಯಬೇಕು ಎಂಬ ಲೆಕ್ಕ ಎಲ್ಲ ವಲಸಿಗರದೂ ಹೌದು. ಪಾದ್ರಿಗಳು ತರುವ ಕಟ್ಟಳೆ ಒಂದು ಕಡೆ, ಜನ ಊರವರೊಡನೆ ಬೆಳೆಸಿಕೊಂಡ ಬಳಕೆ ಇನ್ನೊಂದು ಕಡೆ: ಈ ಎಳೆದಾಟವೇ ಕಾದಂಬರಿಯ ಜೀವಾಳ. ಲೇಖಕರು ಪಾದ್ರಿಯನ್ನು ಖಳನನ್ನಾಗಿ ಮಾಡುವುದಿಲ್ಲ, ಜನರನ್ನು ಮುಗ್ಧರೆಂದು ಹೊಗಳುವುದೂ ಇಲ್ಲ. ಇದು ಸಣ್ಣ ಸಂಯಮವಲ್ಲ.

ಈ ಕಥೆಯ ಹಿಂದಿರುವ ಜೀವನ ನಮ್ಮಲ್ಲಿ ಅನೇಕರಿಗೆ ಅಪರಿಚಿತ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಪೀಠದ ಮುಂದೆ ಮೊಣಕಾಲೂರಿ ಹೇಳುವ ಜಪಸರ, ಕೊಂಕಣಿಯವರ ‘ತೇರ್ಸ್’, ಮುಗಿದೊಡನೆ ಕಿರಿಯರು ಹಿರಿಯರ ಆಶೀರ್ವಾದ ಬೇಡುತ್ತಾರೆ. ಸೆಪ್ಟೆಂಬರ್ ೮ರಂದು, ಕನ್ಯಾಮರಿಯಮ್ಮನ ಜನ್ಮದಿನ, ಕರಾವಳಿಯ ಕ್ಯಾಥೊಲಿಕರು ‘ಮೊಂತಿ ಫೆಸ್ತ್’ ಆಚರಿಸುತ್ತಾರೆ. ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಇಗರ್ಜಿಯಲ್ಲಿ ಮಂತ್ರಿಸಿದ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಮನೆಯ ಯಜಮಾನ ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾನೆ. ಅಂದು ಬಾಳೆಲೆಯ ಮೇಲೆ ಸಸ್ಯಾಹಾರದ ಊಟ. ಹೊಸ್ತು, ಕೊರಳು ಕಟ್ಟುವುದು ಎಂದು ನಮ್ಮ ಅಜ್ಜಿಯರು ಮಾಡುತ್ತಿದ್ದ ಹಬ್ಬಕ್ಕೂ ಇದಕ್ಕೂ ಎಷ್ಟು ದೂರ? ಕ್ರಿಸ್ಮಸ್ಸಿಗೆ ನೆರೆಮನೆಗೆ ಹೋಗುವ ‘ಕುಸ್ವಾರ್’ ತಟ್ಟೆಗೂ ಪುಣೆಯಲ್ಲಿ ದೀಪಾವಳಿಗೆ ಮನೆಯಿಂದ ಮನೆಗೆ ಓಡಾಡುವ ಫರಾಳದ ತಟ್ಟೆಗೂ ಏನು ವ್ಯತ್ಯಾಸ? ೧೯೬೪ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸಂಸಾರವನ್ನು ‘ಮನೆಯ ಧರ್ಮಸಭೆ’ ಎಂಬರ್ಥದ ಮಾತಿನಿಂದ ಕರೆಯಿತು. ರೋಮಿನಲ್ಲಿ ಆ ಮಾತು ಬರಹಕ್ಕೆ ಇಳಿಯುವ ಎಷ್ಟೋ ಮೊದಲೇ ನಮ್ಮ ಕರಾವಳಿ, ಮಲೆನಾಡುಗಳ ತಾಯಂದಿರು ಅದನ್ನು ನಡೆಸಿಕೊಂಡು ಬಂದಿದ್ದರು. ಡಿಸೋಜರ ಹತ್ತು ಮನೆಗಳನ್ನು ಈ ಬೆಳಕಿನಲ್ಲಿ ಓದಬೇಕು.

ಕೊರತೆಗಳಿಲ್ಲವೆಂದಲ್ಲ. ಡಿಸೋಜರದು ನೇರ, ಅಲಂಕಾರವಿಲ್ಲದ ನಿರೂಪಣೆ. ಊರಿನ ಚರಿತ್ರೆಯನ್ನು ಪೂರ್ತಿ ಹೇಳಿಬಿಡಬೇಕೆಂಬ ಆತುರದಲ್ಲಿ ಒಬ್ಬ ವ್ಯಕ್ತಿಯ ಬಳಿ ಅವರು ಹೆಚ್ಚು ಹೊತ್ತು ಕೂರುವುದಿಲ್ಲ. ಪ್ರಾರ್ಥನೆ ಮಾಡುವವನ ಒಳಗೆ ಏಳುವ ಸಂಶಯ, ದೇವರು ಮೌನವಾಗಿದ್ದಾಗಿನ ಒಂಟಿತನ, ಇವನ್ನು ಇನ್ನಷ್ಟು ಕೆದಕಬಹುದಿತ್ತೆಂದು ನನಗನಿಸುತ್ತದೆ. ಸಮುದಾಯದ ಚಿತ್ರ ತುಂಬಿದೆ, ಒಂಟಿ ಆತ್ಮದ ಚಿತ್ರ ತೆಳುವಾಗಿದೆ. ಆದರೆ ನಮ್ಮ ಓದುಗರು ಈ ಕೃತಿಯನ್ನು ಬದಿಗಿಟ್ಟದ್ದು ಈ ಕಾರಣಕ್ಕಲ್ಲ. ‘ಅದು ಅವರವರ ಜನರ ಕಥೆ’ ಎಂಬ ಉದಾಸೀನಕ್ಕೆ.

ಈ ಉದಾಸೀನ ಎಷ್ಟು ಅನುಚಿತವೆಂಬುದನ್ನು ನಾವಿರುವ ನಾಡೇ ತೋರಿಸಿಕೊಡುತ್ತದೆ. ಕವಿ ನಾರಾಯಣ ವಾಮನ ತಿಲಕರು ೧೮೯೫ರಲ್ಲಿ ಕ್ರೈಸ್ತರಾದರು. ಅವರ ಪತ್ನಿ ಲಕ್ಷ್ಮೀಬಾಯಿ ತಿಲಕರು ಬರೆದ ‘ಸ್ಮೃತಿಚಿತ್ರೆ’ ೧೯೩೪ರಿಂದ ಭಾಗಭಾಗವಾಗಿ ಹೊರಬಂತು. ಅವರು ಕ್ಯಾಥೊಲಿಕರಲ್ಲ, ಪ್ರಾಟೆಸ್ಟೆಂಟರು. ಮಡಿಹುಡಿ, ಅಡುಗೆಮನೆ, ಗಂಡಹೆಂಡಿರ ಅಗಲಿಕೆ, ಮತ್ತೆ ಕೂಡಿದ್ದು, ಈ ದಿನನಿತ್ಯದ ಸಂಗತಿಗಳ ನಡುವೆಯೇ ಹೊಸ ಶ್ರದ್ಧೆ ಬೆಳೆದುದನ್ನು ಆ ತಾಯಿ ನಗುನಗುತ್ತ ಹೇಳುತ್ತಾರೆ. ಮರಾಠಿಗರು ಅದನ್ನು ಕ್ರೈಸ್ತರ ಪುಸ್ತಕವೆಂದು ಪಕ್ಕಕ್ಕಿಡಲಿಲ್ಲ. ತಮ್ಮ ಭಾಷೆಯ ಶ್ರೇಷ್ಠ ಆತ್ಮಕಥೆಗಳಲ್ಲಿ ಒಂದೆಂದು ತಲೆಯ ಮೇಲೆ ಹೊತ್ತರು. ನಮ್ಮ ಹತ್ತು ಮನೆಗಳಿಗೂ ಆ ಯೋಗ ಬರಬೇಡವೇ?

ಪುಣೆಯ ಕನ್ನಡಿಗರಿಗೆ ಇದು ದೂರದ ಮಾತೂ ಅಲ್ಲ. ಕ್ವಾರ್ಟರ್ ಗೇಟ್ ಬಳಿಯ ಸಿಟಿ ಚರ್ಚ್ ೧೭೯೨ರಲ್ಲಿ ಎದ್ದದ್ದು ಪೇಶ್ವೆ ಸವಾಯಿ ಮಾಧವರಾಯರು ಕೊಟ್ಟ ನೆಲದ ಮೇಲೆ. ೧೯೫೩ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾದಾಗ ಅದರ ಒಂದು ಪಾಲು ಪುಣೆ ಧರ್ಮಪ್ರಾಂತ್ಯದಿಂದಲೇ ಹೋಯಿತು. ಎಂದರೆ ಕನ್ನಡ ನಾಡಿನ ಕೆಲವು ಇಗರ್ಜಿಗಳಿಗೆ ಅದುವರೆಗೆ ಪುಣೆಯೇ ಗುರುಪೀಠದ ಊರು. ಇಂದು ಈ ನಗರದಲ್ಲಿ ಬೆಳೆಯುವ ಕ್ಯಾಥೊಲಿಕ್ ಕನ್ನಡ ಮಗು ಇಂಗ್ಲಿಷಿನಲ್ಲಿ ಪ್ರಾರ್ಥಿಸಿ, ಮರಾಠಿಯಲ್ಲಿ ಆಡಿ, ಅಜ್ಜಿಯ ಕೊಂಕಣಿಯನ್ನೂ ಅಪ್ಪನ ಕನ್ನಡವನ್ನೂ ಅರ್ಧರ್ಧ ತಿಳಿದುಕೊಳ್ಳುತ್ತದೆ. ಪ್ರಾರ್ಥನೆಯ ಮಾತು ಮನೆಯ ಮಾತಿನಿಂದ ದೂರವಾದರೆ, ಇಗರ್ಜಿ ಉಳಿದರೂ ಹತ್ತು ಮನೆಗಳು ಉಳಿಯುವುದಿಲ್ಲ. ಈ ಅಪಾಯ ಆ ಒಂದು ಸಮುದಾಯದ್ದಷ್ಟೇ ಎಂದು ಉಳಿದವರು ಸುಮ್ಮನಿರುವಂತಿಲ್ಲ. ಸಂಧ್ಯಾವಂದನೆಯ, ವಚನದ, ದಾಸರ ಪದದ ಮನೆಗಳಿಗೂ ಅದೇ ಗತಿ ಬರುತ್ತಿದೆ.

ನಮ್ಮ ಕನ್ನಡ ಬಳಗಗಳಲ್ಲಿ ಬೇಂದ್ರೆ, ಕುವೆಂಪು ಗೋಷ್ಠಿಗಳು ನಡೆಯುತ್ತವೆ, ನಡೆಯಲಿ. ಒಂದು ಸಂಜೆ ಈ ಕಾದಂಬರಿಯನ್ನೂ ಕೂಡಿ ಓದೋಣ. ಮೊಂತಿ ಫೆಸ್ತಿನ ತೆನೆ ಏನೆಂದು ನಮ್ಮ ನಡುವಿನ ಹಿರಿಯಮ್ಮನೊಬ್ಬರನ್ನು ಕೇಳಿ ತಿಳಿಯೋಣ. ಡಿಸೋಜರು ತಮ್ಮ ಮನೆಯ ಬಾಗಿಲನ್ನು ಕನ್ನಡದಲ್ಲಿಯೇ ತೆರೆದಿಟ್ಟು ಹೋಗಿದ್ದಾರೆ. ಒಳಗೆ ಹೋಗುವುದು ಓದುಗರಾದ ನಮಗೆ ಬಿಟ್ಟದ್ದು.