ಮನೆಯ ಲೇತಿಗೊಂದು ಪಪ್ಪಿ ಡಯಲ್

ಡಯಲ್ ಟೆಸ್ಟ್ ಇಂಡಿಕೇಟರ್ ಅಂದರೆ ಒಂದು ಚಿಕ್ಕ ಸನ್ನೆ, ಅದರ ಬೆನ್ನಿಗೆ ನಾಲ್ಕಾರು ಹಲ್ಲುಚಕ್ರ, ಮೇಲೆ ಗೆರೆ ಹಾಕಿದ ಮುಖ, ಒಂದು ಮುಳ್ಳು. ಸನ್ನೆಯ ತುದಿಯ ಗುಂಡು ಒಂದು ಮಿಲಿಮೀಟರಿನ ನೂರನೇ ಒಂದು ಪಾಲು ಸರಿದರೆ ಮುಳ್ಳು ಒಂದು ಗೆರೆ ದಾಟುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆ ಲಿವರ್ ಡಯಲ್ ಎಂಬ ಹೆಸರಿದೆ. ಪಪ್ಪಿ ಡಯಲ್ ಎಂದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಇದರ ಅಣ್ಣ ಪ್ಲಂಜರ್ ಡಯಲ್. ಅದರ ಕಡ್ಡಿ ನೇರವಾಗಿ ಒಳಹೊರಗೆ ಜಾರುತ್ತದೆ, ಸಾಮಾನ್ಯವಾಗಿ 10 ಮಿ.ಮೀ.ವರೆಗೆ. ಲೇತಿನ ಕ್ಯಾರೇಜ್ ಎಷ್ಟು ದೂರ ಹೋಯಿತು ಎಂದು ಅಳೆಯಲು ಅದೇ ಸರಿ. ಪಪ್ಪಿ ಡಯಲಿನ ಓಟ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಆದರೆ ಅದು 20 ಮಿ.ಮೀ. ತೂತಿನೊಳಗೆ ಮೂಗು ತೂರಿಸಬಲ್ಲದು, ಸನ್ನೆಯನ್ನು ಮೇಲಕ್ಕೆ ತಳ್ಳಿದರೂ ಕೆಳಕ್ಕೆ ತಳ್ಳಿದರೂ ಓದಬಲ್ಲದು. ಮುಟ್ಟುವ ಬಲವೂ ಬಹಳ ಹಗುರ: ಪ್ಲಂಜರ್ ಡಯಲ್ 1.4 ನ್ಯೂಟನ್ನಿನವರೆಗೆ ಒತ್ತಿದರೆ ಇದು ಒತ್ತುವುದು 0.3 ನ್ಯೂಟನ್ನಿನ ಆಸುಪಾಸು. ತೆಳು ಕೊಳವೆಯನ್ನೋ ಬಾಗುವ ತಗಡನ್ನೋ ಪರೀಕ್ಷಿಸುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ್ದು ಮನೆಯ ವರ್ಕ್‌ಶಾಪಿನಲ್ಲಿ ಇದಕ್ಕೆ ಏನು ಕೆಲಸ ಎಂಬುದನ್ನು. ನಾಲ್ಕು ಜಾ ಚಕ್ಕಿನಲ್ಲಿ ಹಿಡಿದ ತುಂಡನ್ನು ನಡುವಿಗೆ ತರುವುದು. ಮಿಲ್ಲಿಂಗ್ ಟೇಬಲ್ಲಿನ ಮೇಲೆ ವೈಸಿನ ಸ್ಥಿರ ದವಡೆಯನ್ನು ಟೇಬಲ್ಲಿನ ಓಟಕ್ಕೆ ಸಮಾನಾಂತರ ಮಾಡುವುದು. ಮಿಲ್ಲಿಂಗ್ ಹೆಡ್ ಟೇಬಲ್ಲಿಗೆ ಲಂಬವಾಗಿದೆಯೇ ನೋಡುವುದು. ಸ್ಪಿಂಡಲ್ಲಿನ ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, ನೋಡುವುದು. ಈ ಯಾವ ಕೆಲಸದಲ್ಲೂ ‘ಇದು ಎಷ್ಟು ಉದ್ದ’ ಎಂಬ ಪ್ರಶ್ನೆ ಇಲ್ಲ. ‘ಇಲ್ಲಿಯೂ ಅಲ್ಲಿಯೂ ಒಂದೇನಾ’ ಎಂಬುದಷ್ಟೇ ಪ್ರಶ್ನೆ. ಮುಳ್ಳು ಅಲುಗದಿದ್ದರೆ ಕೆಲಸ ಮುಗಿಯಿತು. ಪಪ್ಪಿ ಡಯಲ್ ಹೋಲಿಸುವ ಉಪಕರಣ. ಅದನ್ನು ಅಳತೆಗೋಲೆಂದು ತಿಳಿದು ಕೊಂಡವರು ಬೇಡದ ಗುಣಕ್ಕೆ ದುಡ್ಡು ಸುರಿದು, ಬೇಕಾದ ಗುಣವನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ.

ಬೇಡದ ಗುಣಗಳಲ್ಲಿ ಮೊದಲನೆಯದು ಅತಿ ಸೂಕ್ಷ್ಮ ಗೆರೆ. ಮೆಟ್ರಿಕ್ ಪಪ್ಪಿ ಡಯಲ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ. ಒಂದರಲ್ಲಿ ಒಂದೊಂದು ಗೆರೆಗೂ 0.01 ಮಿ.ಮೀ., ಒಟ್ಟು ಓಟ 0.8 ಮಿ.ಮೀ., ಮುಖದ ಮೇಲೆ 0-40-0 ಎಂಬ ಅಂಕಿ. ಇನ್ನೊಂದರಲ್ಲಿ ಗೆರೆಗೆ 0.002 ಮಿ.ಮೀ., ಅಂದರೆ 2 ಮೈಕ್ರಾನ್. ಓಟ ಬರೀ 0.2 ಮಿ.ಮೀ., ಅಂಕಿ 0-100-0. ಎರಡನೆಯದು ಐದು ಪಟ್ಟು ಒಳ್ಳೆಯದೆಂದು ತೋರುವುದು ಸಹಜ. ಆದರೆ ಚಿಕ್ಕ ಲೇತಿನ ಚಕ್ಕಿನಲ್ಲೇ ನೂರನೇ ಪಾಲಿನ ಲೆಕ್ಕದ ರನ್‌ಔಟ್ ಇರುತ್ತದೆ. ಟರ್ನಿಂಗ್ ಮಾಡಿದ ಮೈಯ ಒರಟುತನವೇ ಹಲವು ಮೈಕ್ರಾನ್. 100 ಮಿ.ಮೀ. ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಒಂದು ಮೈಕ್ರಾನಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಕೈಯಲ್ಲಿ ಹಿಡಿದು ತಂದ ತುಂಡು, ಬಿಸಿಲು ಬೀಳುವ ಶೆಡ್ಡು, ಆಗತಾನೇ ಕಟಿಂಗ್ ಮುಗಿಸಿದ ಲೋಹ, ಎಲ್ಲವೂ 2 ಮೈಕ್ರಾನಿನ ಡಯಲಿನ ಮೇಲೆ ಕಾಣಿಸಿಕೊಳ್ಳುತ್ತವೆ. ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಚಿನ್ನದ ತಕ್ಕಡಿಯಲ್ಲಿ ಅಕ್ಕಿ ಮೂಟೆ ತೂಗಿದ ಹಾಗೆ. ಅದಕ್ಕಿಂತ ಕಿರಿಕಿರಿಯ ವಿಷಯ ಓಟದ್ದು. ಚಕ್ಕಿನಲ್ಲಿ ತುಂಡು ಕಾಲು ಮಿಲಿಮೀಟರ್ ಆಚೀಚೆ ಇದ್ದರೆ ಅದರ ಸುತ್ತಾಟ ಅರ್ಧ ಮಿಲಿಮೀಟರ್; 0.2 ಮಿ.ಮೀ. ಓಟದ ಡಯಲ್ ಅಲ್ಲಿ ಏನೂ ಹೇಳಲಾರದು, ಸುಮ್ಮನೆ ಕೊನೆ ಮುಟ್ಟಿ ನಿಲ್ಲುತ್ತದೆ. ಮನೆಗೆ ಮೊದಲು ತರಬೇಕಾದ್ದು 0.01ರ ಡಯಲನ್ನೇ. ಅದರ ಗೆರೆಗಳ ನಡುವಿನ ಜಾಗದಲ್ಲಿ ಅರ್ಧ ಗೆರೆಯನ್ನು ಕಣ್ಣಳತೆಯಲ್ಲಿ ಹಿಡಿಯಬಹುದು. ಹವ್ಯಾಸದ ಕೆಲಸಕ್ಕೆ 5 ಮೈಕ್ರಾನ್ ಧಾರಾಳ. ಸರ್ಫೇಸ್ ಗ್ರೈಂಡರ್ ಕೊಂಡವರು, ಸ್ಲಿಪ್ ಗೇಜ್ ಇಟ್ಟು ಹೋಲಿಸುವವರು ಎರಡನೆಯದನ್ನು ಆಮೇಲೆ ಕೊಳ್ಳಲಿ.

ಇಂಚಿನ ಡಯಲ್‌ಗಳಲ್ಲೂ ಇದೇ ಕಥೆ. ಮನೆಯಲ್ಲೇ ಲೇತ್ ಇಟ್ಟುಕೊಳ್ಳುವ ಹವ್ಯಾಸ ಬೇರೂರಿದ ಇಂಗ್ಲೆಂಡಿನಲ್ಲಿ, 1898ರಲ್ಲಿ ಶುರುವಾದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯ ಓದುಗರ ಶೆಡ್ಡುಗಳಲ್ಲಿ, ಇಂಚಿನ ಮೈಫರ್ಡ್ ಲೇತುಗಳ ಪಕ್ಕ ಕಾಣುತ್ತಿದ್ದುದು ಇಂಚಿನ ಡಯಲ್‌ಗಳೇ. ಅಂಥದ್ದು ಅಗ್ಗಕ್ಕೆ ಸಿಕ್ಕರೆ ಮೆಟ್ರಿಕ್ ಯಂತ್ರದವರೂ ಮೂಗು ಮುರಿಯಬೇಕಿಲ್ಲ. ಸೊನ್ನೆಗೆ ಇಂಚು, ಮಿಲಿಮೀಟರ್ ಎಂಬ ಭೇದವಿಲ್ಲ.

ಪಪ್ಪಿ ಡಯಲಿನ ಬಗ್ಗೆ ಹೆಚ್ಚು ಮಂದಿ ಹೆದರುವುದು ಕೋನದ ದೋಷಕ್ಕೆ. ಸ್ಟೈಲಸ್, ಅಂದರೆ ತುದಿಯಲ್ಲಿ ಗುಂಡಿರುವ ಆ ಸನ್ನೆ, ತಾನು ಮುಟ್ಟುವ ಮೈಗೆ ಸಮಾನಾಂತರವಾಗಿ ಮಲಗಿದ್ದಾಗ ಮಾತ್ರ ಗೆರೆಗಳು ಹೇಳುವುದು ನಿಜ. ಓರೆಯಾಗಿ ನಿಂತರೆ ಡಯಲ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ನಿಜವಾದ ಅಂತರಕ್ಕಾಗಿ ಆ ಕೋನದ ಕೊಸೈನಿನಿಂದ ಗುಣಿಸಬೇಕು. 10 ಡಿಗ್ರಿ ಓರೆಯಲ್ಲಿ ಗುಣಕ 0.98, ಲೆಕ್ಕಕ್ಕೆ ಬಾರದಷ್ಟು. 30 ಡಿಗ್ರಿಯಲ್ಲಿ 0.87, 60ರಲ್ಲಿ 0.5, ಅಂದರೆ ಡಯಲ್ ಹೇಳುವುದು ನಿಜದ ಎರಡು ಪಟ್ಟು. ಸ್ವಿಟ್ಜರ್ಲೆಂಡಿನ ಇಂಟರಾಪಿಡ್ ಮಾದರಿಯಲ್ಲಿ ಈ ಲೆಕ್ಕವನ್ನು 12 ಡಿಗ್ರಿ ಓರೆಗೇ ಕೂಡಿಸಿಟ್ಟಿದ್ದಾರೆ, ಡಯಲಿನ ಮೈ ಕೆಲಸಕ್ಕೆ ತಾಗದೆ ತುಸು ಎತ್ತರದಲ್ಲಿ ನಿಲ್ಲಲಿ ಎಂದು. ಜಾಣ ಏರ್ಪಾಡು. ಆದರೆ ಹೋಲಿಕೆಯ ಕೆಲಸದಲ್ಲಿ ಈ ದೋಷ ಬಾಧಿಸುವುದೇ ಇಲ್ಲ: ವೈಸಿನ ಈ ತುದಿಯಲ್ಲೂ ಆ ತುದಿಯಲ್ಲೂ ಮುಳ್ಳು ಒಂದೇ ಗೆರೆಯಲ್ಲಿದ್ದರೆ ಸ್ಟೈಲಸ್ ಎಷ್ಟೇ ಓರೆಯಾಗಿದ್ದರೂ ದವಡೆ ನೇರವಾಗಿಯೇ ಇದೆ. ಎಷ್ಟು ತಪ್ಪಿದೆ ಎಂಬ ಅಂಕಿಯನ್ನು ನಂಬಿ ತಿದ್ದುವಾಗ ಮಾತ್ರ ಕೋನದ ನೆನಪಿರಬೇಕು, ತಿದ್ದುತ್ತಾ ಹೋದಂತೆ ಅದೂ ಕರಗುತ್ತದೆ.

ಸ್ಟೈಲಸ್ಸಿನ ಉದ್ದದ ವಿಷಯ ಹಾಗಲ್ಲ. ಸನ್ನೆಯ ಉದ್ದಕ್ಕೆ ತಕ್ಕಂತೆ ಒಳಗಿನ ಹಲ್ಲುಚಕ್ರಗಳ ಲೆಕ್ಕ ಹಾಕಿರುತ್ತಾರೆ. ತೂತಿನ ಆಳಕ್ಕೆ ನಿಲುಕಲೆಂದು ಎರಡು ಪಟ್ಟು ಉದ್ದದ್ದನ್ನು ತಿರುಚಿ ಕೂಡಿಸಿದರೆ ಡಯಲ್ ನಿಜದ ಅರ್ಧವನ್ನಷ್ಟೇ ತೋರಿಸುತ್ತದೆ, ಅಂದರೆ ಸೂಕ್ಷ್ಮತೆಯೂ ಅರ್ಧ. ಉದ್ದ ಸ್ಟೈಲಸ್ ಬೇಕಾದವರಿಗೆ ಅದಕ್ಕೆಂದೇ ಗೆರೆ ಹಾಕಿದ ಮಾದರಿಗಳು ಬೇರೆ ಇವೆ. ಬದಲಿ ಸ್ಟೈಲಸ್ ತರುವಾಗ ಉದ್ದದ ಜೊತೆಗೆ ಥ್ರೆಡ್ಡನ್ನೂ ನೋಡಿಕೊಳ್ಳಬೇಕು, ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವ ಭರವಸೆಯಿಲ್ಲ. ತುದಿಯ ಗುಂಡು 2 ಮಿ.ಮೀ. ಕಾರ್ಬೈಡಿನದ್ದಾದರೆ ಬಹುತೇಕ ಎಲ್ಲ ಕೆಲಸಕ್ಕೂ ಸಾಕು. ಮಾಣಿಕ್ಯದ ಗುಂಡಿಗೆ ಮನೆಯಲ್ಲಿ ಕೆಲಸ ಅಪರೂಪ.

ಇನ್ನು ಆಕಾರ. ಡಯಲಿನ ಮುಖ ಮೈಯ ಬೆನ್ನ ಮೇಲೆ ಮಲಗಿರುವುದು ಸಾಮಾನ್ಯ ಮಾದರಿ. ಮೈಯ ಹಿಂತುದಿಯಲ್ಲಿ ಎದ್ದು ನಿಂತಿರುವುದು ಇನ್ನೊಂದು. ಮೊದಲನೆಯದು ಲೇತಿಗೂ ವೈಸಿಗೂ ಸಲೀಸು. ಮಿಲ್ಲಿಂಗ್ ಸ್ಪಿಂಡಲ್ಲಿಗೆ ಡಯಲ್ ಕಟ್ಟಿ ತೂತಿನ ಸುತ್ತ ಕೈಯಲ್ಲಿ ತಿರುಗಿಸುವಾಗ ಅರ್ಧ ಸುತ್ತಿನಲ್ಲಿ ಮುಖ ಆಚೆ ಹೋಗುತ್ತದೆ. ಅದಕ್ಕೆಂದು ಮುಖ ಸದಾ ಎದುರಿಗೇ ಇರುವ ಕೋಆಕ್ಸಿಯಲ್ ಇಂಡಿಕೇಟರ್ ಕೊಳ್ಳುವವರಿದ್ದಾರೆ, ಆದರೆ ಒಂದು ಚಿಕ್ಕ ಕನ್ನಡಿ ಹಿಡಿದರೆ ಆ ಖರ್ಚು ಉಳಿಯುತ್ತದೆ. ಮುಖದ ಅಗಲ 30 ಮಿ.ಮೀ. ಸುತ್ತಮುತ್ತ ಒಂದು ಗಾತ್ರ, 40ರ ಸುತ್ತಮುತ್ತ ಇನ್ನೊಂದು. ದೊಡ್ಡದನ್ನು ಓದುವುದು ಸುಲಭ, ಇಕ್ಕಟ್ಟಿನಲ್ಲಿ ತೂರಿಸುವುದು ಕಷ್ಟ. ಐವತ್ತು ದಾಟಿದ ಕಣ್ಣುಗಳಿಗೆ ದೊಡ್ಡದೇ ವಾಸಿ. ಅಂಕಿ ಮಿನುಗುವ ಡಿಜಿಟಲ್ ಮಾದರಿಯನ್ನು ಈ ಕೆಲಸಕ್ಕೆ ಶಿಫಾರಸು ಮಾಡುವುದು ಕಷ್ಟ: ಮುಳ್ಳು ಎತ್ತ ಹೊರಟಿತು, ಎಲ್ಲಿ ತಿರುಗಿತು ಎಂಬುದು ಕಣ್ಣಿಗೆ ಒಂದೇ ನೋಟಕ್ಕೆ ಸಿಗುತ್ತದೆ, ಓಡುವ ಅಂಕಿಗಳಲ್ಲಿ ಸಿಗುವುದಿಲ್ಲ.

ಡಯಲಿನ ಮೈಮೇಲೆ ಡವ್‌ಟೇಲ್ ಗಾಡಿ ಎಷ್ಟಿದೆ ನೋಡಬೇಕು. ಮೂರಿದ್ದರೆ ಮೂರು ದಿಕ್ಕಿನಿಂದ ಹಿಡಿಯಬಹುದು. ಜೊತೆಗೆ ಬರುವ ಹಿಡಿಕೆಯ ಕಾಂಡ 8 ಮಿ.ಮೀ. ದಪ್ಪದ್ದಾದರೆ ಪ್ಲಂಜರ್ ಡಯಲಿನ ಸ್ಟ್ಯಾಂಡಿಗೇ ಕೂರುತ್ತದೆ. ಮುಳ್ಳು ಎರಡೂ ದಿಕ್ಕಿಗೆ ತಾನಾಗಿ ಓದುವುದು ಇಂದಿನ ಡಯಲ್‌ಗಳಲ್ಲಿ ಸಾಮಾನ್ಯ; ಕೆಲವು ಹಳೆಯವುಗಳಲ್ಲಿ ದಿಕ್ಕು ಬದಲಿಸಲು ಪಕ್ಕದಲ್ಲೊಂದು ಗುಬಟು ಇರುತ್ತದೆ.

ಹೆಸರುಗಳ ವಿಷಯಕ್ಕೆ ಬಂದರೆ ಸ್ವಿಟ್ಜರ್ಲೆಂಡಿನ ಟೆಸಾ, ಕಾಂಪ್ಯಾಕ್, ಇಂಟರಾಪಿಡ್ ಮೇಲಿನ ಸಾಲಿನವು. ಜರ್ಮನಿಯ ಮಾರ್ ಅವುಗಳ ಜೊತೆಗಾರ. ಜಪಾನಿನ ಮಿಟುಟೊಯೊ ಬೆಲೆಯಲ್ಲಿ ಅವಕ್ಕಿಂತ ಕೆಳಗಿದ್ದು, ಗುಣದಲ್ಲಿ ಮನೆಯ ಕೆಲಸಕ್ಕೆ ಏನೂ ಕಡಿಮೆಯಿಲ್ಲ. ಪುಣೆಯ ಬೇಕರ್ ನಮ್ಮ ಕಾರ್ಖಾನೆಗಳಲ್ಲಿ ಹಳೆಯ ಪರಿಚಯ. ಅಗ್ಗದವುಗಳಲ್ಲಿ ಚೀನಾದ ಹೆಸರುಳ್ಳ ಕಂಪನಿಗಳ ಸರಕು ಪರವಾಗಿಲ್ಲ; ಹೆಸರೇ ಇಲ್ಲದ ಡಬ್ಬಿಗಳದ್ದು ಅದೃಷ್ಟದಾಟ. ದೊಡ್ಡ ಹೆಸರಿನ ಡಯಲ್ ಅರ್ಧ ಬೆಲೆಗೆ ಹೊಸದಾಗಿಯೇ ಸಿಗುತ್ತಿದ್ದರೆ ಅದು ನಕಲಿ ಎಂದು ಎಣಿಸುವುದು ಕ್ಷೇಮ.

ಹೆಸರಿಗಿಂತ ಪರೀಕ್ಷೆ ಮೇಲು. ಹೋಲಿಸುವ ಉಪಕರಣಕ್ಕೆ ಬೇಕಾದ ಒಂದೇ ದೊಡ್ಡ ಗುಣ ಮರಳಿ ಅಲ್ಲಿಗೇ ಬರುವುದು. ಡಯಲನ್ನು ಗಟ್ಟಿ ಸ್ಟ್ಯಾಂಡಿಗೆ ಕಟ್ಟಿ, ಸರ್ಫೇಸ್ ಪ್ಲೇಟಿನ ಮೇಲೆ ಒಂದು ನಯವಾದ ಉಕ್ಕಿನ ತುಂಡನ್ನು ಗುಂಡಿನ ಕೆಳಗೆ ಜಾರಿಸಿ, ಎಳೆದು, ಮತ್ತೆ ಜಾರಿಸಬೇಕು. ಪ್ರತಿ ಸಲವೂ ಮುಳ್ಳು ಅದೇ ಗೆರೆಗೆ ಬರಬೇಕು. ಬಲದಿಂದ ಜಾರಿಸಿದಾಗಲೂ ಎಡದಿಂದ ಜಾರಿಸಿದಾಗಲೂ ಒಂದೇ ಓದು ಸಿಗಬೇಕು. ಸಿಗದಿದ್ದರೆ ಸನ್ನೆಯ ಕೀಲು ಸಡಿಲ. ಬಳಿಕ ಸ್ಟೈಲಸ್ಸನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ, ಇನ್ನೂ ಮೆಲ್ಲಗೆ ಬಿಡಬೇಕು. ಮುಳ್ಳು ತಡವರಿಸದೆ ಹಿಂದಿರುಗಬೇಕು. ಡಯಲನ್ನು ಮಗ್ಗುಲಿಗೆ, ತಲೆಕೆಳಗಾಗಿ ಹಿಡಿದು ಇದನ್ನೇ ಮಾಡಿದರೆ ಒಳಗೆ ಕೊಳೆ ಕೂತಿದೆಯೇ ಎಂಬುದು ಬಯಲಾಗುತ್ತದೆ. ಹೊರಬಳೆ ತಿರುಗಿಸಿ ಸೊನ್ನೆ ಕೂಡಿಸುವಾಗ ಮುಳ್ಳು ತಾನೂ ಜೊತೆಗೆ ಅಲುಗಿದರೆ ಆ ಡಯಲ್ ಬೇಡ. ಅಂಗಡಿಯವರು ಇಷ್ಟಕ್ಕೆ ಬಿಡದಿದ್ದರೆ ಅಂಗಡಿಯೂ ಬೇಡ.

ಹಳೆಯದನ್ನು ಕೊಳ್ಳುವವರಿಗೆ ಈ ಪರೀಕ್ಷೆ ಇನ್ನಷ್ಟು ಅಗತ್ಯ. ಮುಳ್ಳು ಜಡವಾಗಿದ್ದರೆ ಕಾರಣ ಹೆಚ್ಚಾಗಿ ಒಳಗೆ ಗಟ್ಟಿಯಾದ ಎಣ್ಣೆ. ಕೈಪಳಗಿದವರು ಬಿಚ್ಚಿ ತೊಳೆದರೆ ಸರಿಹೋಗುತ್ತದೆ. ಮುಳ್ಳು ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಎಡವಿದರೆ ಹಲ್ಲು ಸವೆದಿದೆ ಅಥವಾ ಬಾಗಿದೆ ಎಂದರ್ಥ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು.

ಡಯಲಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಸ್ಟ್ಯಾಂಡಿಗೆ ಎತ್ತಿಡಬೇಕು. ಇಲ್ಲಿ ಜಿಪುಣತನ ಮಾಡುವವರೇ ಹೆಚ್ಚು. ಸಪೂರ ಕಡ್ಡಿ, ಸವೆದ ತಿರುಪುಗಳ ಮ್ಯಾಗ್ನೆಟಿಕ್ ಸ್ಟ್ಯಾಂಡಿಗೆ ಸ್ವಿಸ್ ಡಯಲ್ ಕಟ್ಟಿದರೆ ಮುಳ್ಳು ತೋರಿಸುವುದು ಕಡ್ಡಿಯ ಬಳುಕಾಟವನ್ನು. ಪರೀಕ್ಷೆ ಸುಲಭ: ಗುಂಡು ಬೆಡ್ಡಿಗೆ ತಾಗಿರುವಾಗ ಸ್ಟ್ಯಾಂಡಿನ ತೋಳನ್ನು ಕಿರುಬೆರಳಲ್ಲಿ ತುಸು ಒತ್ತಿ ಬಿಟ್ಟಾಗ ಮುಳ್ಳು ಮೊದಲಿನ ಗೆರೆಗೇ ಮರಳಬೇಕು. ಒಂದೇ ಗುಂಡಿ ತಿರುವಿದರೆ ಮೂರೂ ಕೀಲು ಬಿಗಿಯುವ ತೋಳುಗಳು, ಇಸ್ರೇಲಿನ ನೋಗಾ ಹೆಸರಾಗಿರುವುದು ಇದಕ್ಕೇ, ದುಬಾರಿಯಾದರೂ ದಿನವೂ ಬಳಸುವವರಿಗೆ ತಕ್ಕ ಬೆಲೆಯವು. ತೋಳು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಚಕ್ಕಿಗೆ ಡಯಲ್ ಕಟ್ಟಿ ಟೈಲ್‌ಸ್ಟಾಕಿನ ತೂತಿನ ಸುತ್ತ ತಿರುಗಿಸುವಾಗ ಉದ್ದ ತೋಳು ತನ್ನ ಭಾರಕ್ಕೇ ಜೋತು, ಮೇಲೆ ಒಂದು ಓದು ಕೆಳಗೆ ಒಂದು ಓದು ಕೊಡುತ್ತದೆ. ಟೈಲ್‌ಸ್ಟಾಕ್ ತಗ್ಗಿದೆಯೆಂದೋ ಏರಿದೆಯೆಂದೋ ಅದರ ಬುಡಕ್ಕೆ ತಗಡು ಸೇರಿಸಲು ಹೊರಡುವ ಮುನ್ನ ತೋಳನ್ನೇ ಶಂಕಿಸುವುದು ಲೇಸು.

ಬಳಕೆಯಲ್ಲಿ ಕೆಲವು ರೂಢಿಗಳು ಡಯಲಿನ ಆಯುಸ್ಸು ಕಾಯುತ್ತವೆ. ಗುಂಡನ್ನು ತಾಗಿಸಿ ಮುಳ್ಳು ಹತ್ತಿಪ್ಪತ್ತು ಗೆರೆ ಸರಿದ ಮೇಲೆ ಸೊನ್ನೆ ಕೂಡಿಸಬೇಕು, ಎರಡೂ ಕಡೆಗೆ ಓಡಲು ಜಾಗವಿರುವಂತೆ. ನಾಲ್ಕು ಜಾ ಚಕ್ಕಿನಲ್ಲಿ ಮೊದಲು ಸೀಮೆಸುಣ್ಣವೋ ಪ್ಲಂಜರ್ ಡಯಲೋ ಹಿಡಿದು ಹತ್ತಿರಕ್ಕೆ ತಂದು, ಆಮೇಲೆ ಪಪ್ಪಿ ಡಯಲ್ ಹಿಡಿಯಬೇಕು. ಒಂದು ಸುತ್ತಿನಲ್ಲಿ ಮುಳ್ಳು 0.10 ಮಿ.ಮೀ. ಓಡಿದರೆ ತುಂಡನ್ನು ಸರಿಸಬೇಕಾದ್ದು ಅದರ ಅರ್ಧ, 0.05. ಮಿಲ್ಲಿಂಗ್ ಹೆಡ್ ನೋಡುವಾಗ ಟೇಬಲ್ಲಿನ ಟೀ ಸ್ಲಾಟಿನಲ್ಲಿ ಗುಂಡು ಬೀಳದಂತೆ ಗ್ರೈಂಡ್ ಮಾಡಿದ ಪ್ಲೇಟೊಂದನ್ನು ಹಾಸುವುದು ಒಳ್ಳೆಯದು, ಇಲ್ಲವೇ ದೊಡ್ಡ ಬೇರಿಂಗಿನ ಹೊರಬಳೆಯನ್ನು. ಸ್ಟೈಲಸ್ ಯಾವತ್ತೂ ಹಿಂದೆ ಎಳೆದುಕೊಂಡು ಬರಬೇಕು, ಮುಂದೆ ಗುದ್ದಿಕೊಂಡು ಹೋಗಬಾರದು. 200 ಮಿ.ಮೀ. ಅಡ್ಡಳತೆಯ ಸುತ್ತಿನಲ್ಲಿ ಎದುರುಬದುರು ಓದುಗಳ ವ್ಯತ್ಯಾಸ 0.02 ಮಿ.ಮೀ.ಗೆ ಇಳಿದರೆ ಚಿಕ್ಕ ಮಿಲ್ಲಿಂಗ್ ಯಂತ್ರದವರು ಸಮಾಧಾನಪಡಬಹುದು.

ಯಂತ್ರ ಓಡುವಾಗ ಡಯಲ್ ತಾಗಿಸುವಂತಿಲ್ಲ. ಸ್ಪಿಂಡಲ್ಲನ್ನು ಕೈಯಲ್ಲೇ ತಿರುಗಿಸಬೇಕು. ಸ್ಟೈಲಸ್ಸಿನ ದಿಕ್ಕನ್ನು ಅರ್ಧ ವೃತ್ತಕ್ಕೂ ಹೆಚ್ಚು ಬದಲಿಸಬಹುದಾದರೂ, ಬೆರಳನ್ನು ಅದರ ಬುಡದ ಹತ್ತಿರ ಇಟ್ಟು ತಿರುಗಿಸಬೇಕು. ಬಿಚ್ಚುವಾಗ ಡಬ್ಬಿಯಲ್ಲಿ ಬಂದ ಪುಟ್ಟ ಸ್ಪ್ಯಾನರ್‌ನಿಂದಲೇ ಬಿಚ್ಚಬೇಕು. ಕೀಲಿಗೆ ಎಣ್ಣೆ ಬಿಡುವ ಚಪಲ ಅನೇಕರಿಗೆ ಇರುತ್ತದೆ. ಆ ಎಣ್ಣೆ ಲೋಹದ ಪುಡಿಯನ್ನು ಕರೆದುಕೊಂಡು ಒಳಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸ್ಟೈಲಸ್ಸಿಗೆ ಏನೂ ಒತ್ತದಂತೆ ಡಬ್ಬಿಯಲ್ಲಿಡುವುದು. ಮ್ಯಾಗ್ನೆಟಿಕ್ ಸ್ಟ್ಯಾಂಡಿನ ಡ್ರಾಯರಿನಲ್ಲಿ ಮಾತ್ರ ಬೇಡ, ಕಾಂತ ಹಿಡಿದ ಸನ್ನೆ ಕಬ್ಬಿಣದ ಪುಡಿಯನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ.